ಮಗುವಿನ ಕಾಲಿಗೆ ತಾಯಿಯ ಸಂಖ್ಯೆ

ಮಾನ್ಯ ಕಾರ್ಮಿಕ ಕಲ್ಯಾಣಾಧಿಕಾರಿಗಳೇ,

ನನ್ನ ಹನ್ನೊಂದು ತಿಂಗಳ ಮಗಳ ಕಾಲಿಗೆ ಕಾರ್ಖಾನೆಯವರು ಕಟ್ಟಿರುವ ಸಂಖ್ಯೆಯ ಪಟ್ಟಿಯನ್ನು ತೆಗೆಸಿಕೊಡಿ ಎಂದು ನಾನು ಸಲ್ಲಿಸಿದ ಅರ್ಜಿಗೆ ತಾವು ದಯಪಾಲಿಸಿದ ಉತ್ತರ ತಲುಪಿದೆ. ಒಂದೇ ಸಾಲು: ‘ಅರ್ಜಿದಾರರು ವೈಜ್ಞಾನಿಕ ಕಾದಂಬರಿಗಳ ಪ್ರಭಾವಕ್ಕೆ ಒಳಗಾಗಿದ್ದಾರೆ, ಕ್ರಮದ ಅಗತ್ಯವಿಲ್ಲ.’ ಮೂರು ಪುಟದ ಸಂಕಟವನ್ನು ಒಂದು ಸಾಲಿಗೆ ಇಳಿಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. ಅರ್ಜಿಯಲ್ಲಿ ನಾನೊಂದು ಕಾದಂಬರಿಯನ್ನು ಉದಾಹರಿಸಿದ್ದು ನಿಜ. ಅದು ಅಪರಾಧವೋ ಅಲ್ಲವೋ, ಓದಿದವರೇ ಹೇಳಲಿ.

ನಾನು ಔಷಧಿ ಸೀಸೆಗಳ ಚೀಟಿ ತಪಾಸಣೆ ಮಾಡುವವಳು. ಸೀಸೆಯ ಮೇಲಿನ ಸಂಖ್ಯೆಯೂ ಪೆಟ್ಟಿಗೆಯ ಮೇಲಿನದೂ ತಾಳೆಯಾಗದಿದ್ದರೆ ಪಕ್ಕಕ್ಕಿಡುವುದು ನನ್ನ ಕೆಲಸ. ನನ್ನ ಕೆಲಸಗಾರ ಸಂಖ್ಯೆ 4417. ಕಾರ್ಖಾನೆಯ ಶಿಶುವಿಹಾರದಲ್ಲಿ ನನ್ನ ಮಗಳು 4417/1. ಹೆರಿಗೆ ರಜೆ ಮುಗಿಸಿ ಬಂದ ದಿನ ಅವಳ ಪಟ್ಟಿಯಲ್ಲಿ 4471/1 ಎಂದು ಅಚ್ಚಾಗಿತ್ತು. ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಾನೇ ಹಟ ಹಿಡಿದು ಬೇರೆ ಅಚ್ಚು ಹಾಕಿಸಿದೆ. ನಾನೇ ಅವಳ ಕಾಲನ್ನು ಅಲುಗದಂತೆ ಹಿಡಿದುಕೊಟ್ಟೆ. ಮನೆಗೆ ಹೋಗುವಾಗಲೂ ಅದನ್ನು ಬಿಚ್ಚುವಂತಿಲ್ಲ ಎಂದು ತಿಳಿದದ್ದು ಸಂಜೆ. ಕತ್ತರಿಸಿದರೆ ಮಗುವಿಗೆ ಒಳಗೆ ಜಾಗವಿಲ್ಲ. ಗಂಡ, ಅತ್ತೆ ಇಬ್ಬರೂ ದುಡಿಯಲು ಹೋಗುವವರು.

ಅತ್ತೆಯೇ ನನ್ನನ್ನು ಸಮಾಧಾನಪಡಿಸಲು ನೋಡಿದರು. “ಸುಮ್ನಿರಮ್ಮ, ಕೋಳಿ ಕಾಲಿಗೂ ದಾರ ಕಟ್ತಾರೆ, ಕಳೆದುಹೋಗದಿರಲಿ ಅಂತ.”

“ಕೋಳಿ ಸಾಕೋದು ಯಾಕೆ ಅಂತಾನೂ ಹೇಳಿ ಅತ್ತೆ,” ಎಂದೆ.

ಶಿಶುವಿಹಾರದಲ್ಲಿ ಗಂಟೆ ಹೊಡೆದಾಗ ಮಾತ್ರ ತಾಯಂದಿರು ಹಾಲೂಡಿಸಬಹುದು. ಹೋದ ವಾರ ಅಲ್ಲಿನ ಆಯಾ ನನ್ನನ್ನು ನಿಲ್ಲಿಸಿ ಹೊಗಳಿದಳು: “ನಿಮ್ಮ ಮಗು ಬಂಗಾರ ಕಣ್ರೀ. ಎಷ್ಟೇ ಹಸಿವಾದ್ರೂ ಗಂಟೆ ಹೊಡೆಯೋವರೆಗೂ ಅಳಲ್ಲ.” ಅಂದಿನಿಂದ ನನ್ನ ಕಣ್ಣಿಗೆ ನಿದ್ದೆ ಹತ್ತಿಲ್ಲ. ಭಾನುವಾರ ಮನೆಯಲ್ಲಿ ಬೇಕೆಂದೇ ಹಾಲು ತಡಮಾಡಿದೆ. ಪಾಪಿ ನಾನು. ಅವಳ ತುಟಿ ಒಣಗಿತು, ಅಳಲಿಲ್ಲ. ಬಾಗಿಲ ಕಡೆ ಕಿವಿಗೊಟ್ಟು ಮಲಗಿದ್ದಳು.

ಈಗ ತಮಗೆ ನಗು ತರಿಸಿದ ಆ ಕಾದಂಬರಿಯ ವಿಚಾರ. ಅದರಲ್ಲೊಂದು ಹಡಗು ದೂರದ ಗ್ರಹಕ್ಕೆ ಹೊರಟಿದೆ. ಹೆರಿಗೆ ಕೋಣೆಯಲ್ಲೇ ಕೂಸಿನ ಬೆನ್ನಿಗೆ ತಾಯಿಯ ಗುರುತನ್ನು ಒತ್ತುತ್ತಾರೆ. ಬರೆದವರು ಇದನ್ನು ನಕ್ಷತ್ರ ನೋಡಿ ಊಹಿಸಿದರೆಂದುಕೊಂಡಿರಾ? ಮನುಷ್ಯರನ್ನು ಮಾರಿ ಕೊಳ್ಳುತ್ತಿದ್ದ ಕಾಲದಲ್ಲಿ ಎಷ್ಟೋ ಕಡೆ ಕಾನೂನೇ ಹಾಗಿತ್ತು: ತಾಯಿ ಯಾರ ಸೊತ್ತೋ ಮಗುವೂ ಅವರದೇ. ದಾಖಲೆಗಳಲ್ಲಿ ಉಳಿದದ್ದು ಹೆಚ್ಚಾಗಿ ಒಡೆಯರ ಕೈಬರಹ. ಆ ತಾಯಂದಿರು ಮಗುವಿನ ಕಿವಿಯಲ್ಲಿ ಯಾವ ಹೆಸರು ಉಸುರಿದರು ಎಂಬುದಕ್ಕೆ ಕಡತವಿಲ್ಲ. ಹಾಗಾಗಿ ಅವರ ಮರಿಮಕ್ಕಳು ಬರೆಯಲು ಕುಳಿತಾಗ ಇಲ್ಲದ ಗ್ರಹಗಳನ್ನು ಕಟ್ಟಬೇಕಾಯಿತು. ಭೂಮಿಯ ಮೇಲೆ ಸಾಕ್ಷಿ ಸಿಗದವರು ಆಕಾಶವನ್ನು ಕೇಳದೆ ಇನ್ನಾರನ್ನು ಕೇಳಿಯಾರು? ನಾನು ಓದಿದ ಇನ್ನೊಂದರಲ್ಲಿ ಬಿಡುಗಡೆಯಾಗಿ ಮುನ್ನೂರು ವರ್ಷ ಕಳೆದಿದೆ, ಸಂಕೋಲೆಗಳು ತುಕ್ಕು ಹಿಡಿದು ಉದುರಿವೆ. ಆದರೂ ಮಕ್ಕಳು ನಡೆಯಲು ಕಲಿತ ದಿನದಿಂದಲೇ ಸದ್ದಾಗದಂತೆ ಹೆಜ್ಜೆ ಇಡುತ್ತವೆ. ಯಾರೂ ಹೇಳಿಕೊಟ್ಟಿಲ್ಲ.

ನಾನು ಗುಲಾಮಳಲ್ಲ, ಬಲ್ಲೆ. ಸಂಬಳವಿದೆ, ಬೇಡವೆಂದರೆ ಬಿಡಬಹುದು. ಅವರ ನೋವನ್ನು ಕದ್ದು ನನ್ನದೆನ್ನುವಷ್ಟು ನಾಚಿಕೆಗೆಟ್ಟಿಲ್ಲ. ಆದರೆ ಅಂಥದ್ದು ಹೇಗೆ ಮೊದಲಾಗುತ್ತದೆ ಎಂದು ಆ ಪುಸ್ತಕಗಳು ತೋರಿಸುತ್ತವೆ. ಚಾಟಿಯಿಂದಲ್ಲ ಮಾನ್ಯರೇ, ಅನುಕೂಲದಿಂದ. ಮಗುವಿನ ಸುರಕ್ಷತೆಗಾಗಿಯೇ ಎಂಬ ಮಾತಿನಿಂದ, ನನ್ನಂಥ ಓದಿದವಳೊಬ್ಬಳು ಅಂಕಿ ತಿದ್ದಿಸಿ ಕೊಡುವುದರಿಂದ.

ನಿನ್ನೆ ಶಿಶುವಿಹಾರದ ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. 4417/1ರ ಎದುರು ‘ಶಾಂತ ಸ್ವಭಾವ, ರೂಢಿಗೆ ಬೇಗ ಬಗ್ಗುತ್ತದೆ’ ಎಂದಿದೆ. ಕೆಳಗೆ 4417/2 ಎಂದು ಬರೆದು, ಗೀಟೆಳೆದು, ಜಾಗ ಬಿಟ್ಟಿದ್ದಾರೆ. ನನಗಿರುವುದು ಒಬ್ಬಳೇ ಮಗಳು.

ಬರುವ ಸೋಮವಾರ ಅವಳನ್ನು ಎತ್ತಿಕೊಂಡು ತಮ್ಮ ಕಚೇರಿಗೆ ಬರುತ್ತೇನೆ. ಕತ್ತರಿ ನಾನೇ ತರುತ್ತೇನೆ. ಆ ಪಟ್ಟಿಯನ್ನು ತಾವೇ ಕತ್ತರಿಸಬೇಕು. ಪುಸ್ತಕದಿಂದ ಆ ಎರಡೂ ಸಾಲುಗಳನ್ನು ಹೊಡೆದುಹಾಕಿ, ಪಟ್ಟಿಯಿಲ್ಲದೆಯೇ ಮಗುವನ್ನು ಒಳಗೆ ಬಿಡಬೇಕೆಂಬ ಆದೇಶಕ್ಕೆ ಸಹಿ ಹಾಕಬೇಕು. ಆಗದೆಂದರೆ ಒಂದು ಉಪಕಾರ ಮಾಡಿ: ಈ ಮಗು ಯಾರದ್ದು ಎಂದು ಬರೆದುಕೊಡಿ, ತಮ್ಮದೇ ಕೈಬರಹದಲ್ಲಿ.

ಇಂತಿ,
ಮಗಳ ಹೆಸರನ್ನು ಇಲ್ಲಿ ಬರೆಯಲು ಹೆದರಿ, ತಾನೂ ಅವಳನ್ನು ಹೆಸರಿಲ್ಲದವಳನ್ನಾಗಿಸಿದ ತಾಯಿ