ಡೇರೆಯಲ್ಲೇ ಉಳಿದವಳು

ಸ್ಫಾಕ್ಸ್
೨೧ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಗಳು ಉಲ್ಫಾಗೆ ಅಮ್ಮನ ಸಲಾಮು.

ಐದು ವಾರ ಉತ್ತರ ಕೊಡದೆ ಕೂತಿದ್ದಕ್ಕೆ ಮೊದಲು ಕ್ಷಮಿಸು. ನೀನು ಫೋನ್ ಮಾಡಿದಾಗಲೆಲ್ಲ ಒಲೆಯ ಮೇಲೆ ಮೀನಿದೆ, ಆಲಿವ್ ಗಾಣಕ್ಕೆ ಹೊರಟಿದ್ದೇನೆ ಎಂದು ತಪ್ಪಿಸಿಕೊಂಡೆ. ಮೀನೂ ಇರಲಿಲ್ಲ, ಗಾಣಕ್ಕೂ ಹೋಗಲಿಲ್ಲ. ಮುಖ್ಯವಾದದ್ದನ್ನು ಫೋನಿನಲ್ಲಿ ಹೇಳುವುದು ನನಗೆ ಬಾರದ ವಿದ್ಯೆ. ಮೂವತ್ತೊಂದು ವರ್ಷ ಅಂಚೆಯಲ್ಲಿ ಊರಿನವರ ಕಾಗದ ವಿಂಗಡಿಸಿದವಳಿಗೆ ಕಾಗದದ ಮೇಲೇ ನಂಬಿಕೆ.

ನೀನು ಕೇಳಿದ್ದು ಎರಡು ಪ್ರಶ್ನೆ. 'ಅಮ್ಮ, ನನ್ನ ಕಂಪ್ಯೂಟರ್ ಆಟದ ಕೊನೇ ಪುಟ ನೋಡಿದ್ಯಾ?' ಅದು ಒಂದು. 'ಡಿಸೆಂಬರ್ ಏಳಕ್ಕೆ ಟ್ಯೂನಿಸ್‌ಗೆ ಬಂದು ಆಟದ ಸಮಾರಂಭದಲ್ಲಿ ಮುಂದಿನ ಸಾಲಲ್ಲಿ ಕೂತ್ಕೋತೀಯಾ? ಆ ಪುಟಾನ ಎಲ್ಲರ ಎದುರು ಓದ್ಬೇಕು ಅಂತಿದೀನಿ.' ಅದು ಇನ್ನೊಂದು. ಪುಟ ನೋಡಿದೆ. ಮುಂದಿನ ಸಾಲಿನಲ್ಲಿ ಕೂರಬೇಕೋ ಬೇಡವೋ ಎನ್ನುವುದನ್ನು ಮಾತ್ರ ಈ ಕಾಗದ ಪೂರ್ತಿ ಓದಿದ ಮೇಲೆ ನೀನೇ ಹೇಳಬೇಕು. ನಿನಗೆ ಒಂದು ವಿಷಯ ತಿಳಿಸುವುದು ಬಾಕಿಯಿದೆ. ಅದನ್ನು ಬರೆಯುವಷ್ಟು ಧೈರ್ಯ ಬರಲಿ ಎಂದು ಮಿಕ್ಕಿದ್ದನ್ನೆಲ್ಲ ಮೊದಲು ಬರೆಯುತ್ತಿದ್ದೇನೆ.

ನೀನು ಕಳಿಸಿದ ಕಂಪ್ಯೂಟರನ್ನು ಮೇಲಿನ ಮನೆಯ ಸಿ ಬಶೀರ್ ಬಂದು ಕಿಟಕಿಯ ಪಕ್ಕ ಜೋಡಿಸಿಕೊಟ್ಟರು. ರೈಲ್ವೆಯಿಂದ ನಿವೃತ್ತರಾದ ಮೇಲೆ ಕಾಫಿ ಅಂಗಡಿಯಲ್ಲಿ ಇಸ್ಪೀಟು ಬಿಟ್ಟು ಬೇರೇನೂ ಕಾಣದ ಮನುಷ್ಯ, ನಿನ್ನ ಆಟ ಬಿಡುಗಡೆಯಾದ ದಿನ ಮದುವೆಗೆ ಬಂದವರ ಹಾಗೆ ಕೋಟು ಹಾಕಿಕೊಂಡು ಬಂದರು. ಆ ವಾರ ಬಂದ ಹೊಸ ಆಟಗಳ ಪಟ್ಟಿಯನ್ನು ಎಲ್ಲಿಂದಲೋ ಮುದ್ರಿಸಿ ತಂದಿದ್ದರು. ಪಾತ್ರ ಕಟ್ಟಿಕೊಂಡು ಆಡುವ ಆಟ, ಸರದಿಯ ಮೇಲೆ ನಡೆ ಇಡುವ ಯುದ್ಧದ ಆಟ, ಎಲ್ಲ ಸೇರಿ ಮೂವತ್ತನಾಲ್ಕು. ನಿನ್ನದು ಇಪ್ಪತ್ತಮೂರನೆಯದು. ಮೇಲೆ ಡ್ರ್ಯಾಗನ್‌ಗಳ ಆಟ, ಕೆಳಗೆ ಮಂಗಳ ಗ್ರಹದ ಆಟ, ನಡುವೆ 'ಉಪ್ಪುಕೆರೆ ದಾಟಿದವರು'. ಸಿ ಬಶೀರ್ ಆ ಸಾಲಿನ ಕೆಳಗೆ ಗೆರೆ ಎಳೆದು, 'ತಂಗೀ, ಉಳಿದ ಮೂವತ್ತಮೂರೂ ದಂಡ' ಎಂದರು. ಅವರು ಒಂದನ್ನೂ ಆಡಿಲ್ಲ. ಆ ಕಾಗದ ಈಗಲೂ ನನ್ನ ಅಡುಗೆಮನೆಯ ಗೋಡೆಯ ಮೇಲಿದೆ.

ನನ್ನಿಂದ ಆಗುವುದಿಲ್ಲ ಎಂದೇ ಅಂದುಕೊಂಡಿದ್ದೆ. ಮೌಸು ಹಿಡಿದರೆ ಬಾಣ ಪರದೆಯಿಂದಲೇ ಆಚೆ ಓಡಿಹೋಗುತ್ತಿತ್ತು. ಆದರೆ ನಿನ್ನ ಆಟದಲ್ಲಿ ಯಾರೂ ನನ್ನನ್ನು ಅವಸರ ಮಾಡಲಿಲ್ಲ ಉಲ್ಫಾ. ಇದಕ್ಕೆ ನಿನಗೆ ಎಷ್ಟು ಕೃತಜ್ಞಳೋ ಹೇಳಲಾರೆ. ಕೆಲಸದಲ್ಲಿದ್ದಷ್ಟು ದಿನ ಬೇಗ ಬೇಗ ಎನ್ನುವ ಮಾತು ಕೇಳಿಯೇ ನನ್ನ ಕಿವಿ ಸವೆದಿತ್ತು. ಇಲ್ಲಿ ನನ್ನ ಸರದಿ ಮುಗಿಯಿತು ಎಂದು ನಾನು ಹೇಳುವ ತನಕ ಶತ್ರು ಕದಲುವುದಿಲ್ಲ. ಎದ್ದು ಹೋಗಿ ಕೂಸ್‌ಕೂಸ್ ಹಬೆಗೆ ಇಟ್ಟು, ಬಟ್ಟೆ ಒಣಹಾಕಿ, ಮಧ್ಯಾಹ್ನದ ನಮಾಜು ಮುಗಿಸಿ ಬಂದರೂ ಆ ದರೋಡೆಕೋರ ಎತ್ತಿದ ಕತ್ತಿ ಎತ್ತಿಕೊಂಡೇ ನಿಂತಿರುತ್ತಾನೆ.

'ನಿನ್ನೆಯಿಂದ ಹಿಂಗೇ ನಿಲ್ಲಿಸಿದೀಯಲ್ಲ ತಂಗೀ, ಅವನಿಗೂ ಕೈ ನೋಯಲ್ವಾ?' ಎಂದು ಸಿ ಬಶೀರ್ ಕೇಳಿದರು.

'ದಾರೀಲಿ ಹೋಗೋರನ್ನ ದೋಚೋಕೆ ಬಂದೋನು, ನೋಯ್ಲಿ ಬಿಡಿ' ಎಂದೆ.

ಏಳು ಜನ ಒಂಟೆಗಳ ಮೇಲೆ ಉಪ್ಪು ಹೇರಿಕೊಂಡು ಕೆರೆ ದಾಟಬೇಕು, ಏಳು ಜನಕ್ಕೂ ಆಡುವವರೇ ಹೆಸರಿಡಬೇಕು. ಹೊರಗಿನವರು ಏನೇನು ಹೆಸರಿಡುತ್ತಾರೋ ಕಾಣೆ, ನನಗೆ ಹೊಳೆದದ್ದು ನಮ್ಮವರದ್ದೇ. ಹೆಗಲು ಅಗಲವಿದ್ದವನಿಗೆ ನಿನ್ನಪ್ಪನ ಹೆಸರು, ತೌಫೀಕ್ ಎಂದಿಟ್ಟೆ. ಗಾಯಕ್ಕೆ ಮದ್ದು ಹಾಕುವವಳು ಸಿ ಬಶೀರರ ಹೆಂಡತಿ ಮಬ್ರೂಕಾ. ಒಂಟೆಯವನು ಬಶೀರ್; ಆಟದಲ್ಲಿ 'ಸಿ', 'ಲಲ್ಲಾ' ಎಂಬ ಗೌರವವನ್ನೆಲ್ಲ ಬಿಟ್ಟೆ. ಅತಿ ಹಗುರಾಗಿ, ಕೂದಲು ಕಟ್ಟಿಕೊಂಡು ಕೊನೆಯಲ್ಲಿ ನಿಂತಿದ್ದ ಹುಡುಗಿ ನೀನು.

ಒಮ್ಮೆ ಸತ್ತವರು ನಿನ್ನ ಆಟದಲ್ಲಿ ಮತ್ತೆ ಬರುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡನೆಯ ಕಾಳಗದಲ್ಲೇ ಬಶೀರ್ ಹೋದರು. ವಿಷಯ ತಿಳಿದು ನಿಜವಾದ ಬಶೀರ್ ಎರಡು ದಿನ ಮೆಟ್ಟಿಲಿಳಿದು ಬರಲಿಲ್ಲ. ಮೂರನೆಯ ದಿನ ಬಂದವರು ಬಾಗಿಲಲ್ಲೇ ನಿಂತು, 'ನನ್ನನ್ನ ಮುಂದೆ ಬಿಟ್ಟು ನೀವೆಲ್ಲ ಹಿಂದೆ ನಿಂತ್ರಂತೆ' ಎಂದರು. ಮಾಡಿದ್ದು ಹಾಗೇ ಆದ್ದರಿಂದ ಬಾದಾಮಿ ಶರಬತ್ತು ಕೊಟ್ಟು ಸಮಾಧಾನ ಮಾಡಿದೆ.

ಮೂರನೆಯ ಬಾವಿಯ ಹತ್ತಿರ ತೌಫೀಕ್ ಹೋದರು. ಉಳಿದವರನ್ನು ಕಾಯುತ್ತ ನಿಂತು ಹೋದರು, ನಿನ್ನಪ್ಪನೂ ಹಾಗೆಯೇ ಮಾಡುತ್ತಿದ್ದರು. ನಾನು ಕಂಪ್ಯೂಟರ್ ಆರಿಸಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. 'ಹೋದರು, ತೌಫೀಕ್ ಹೋದರು' ಎಂದು ಬಾಯಿಬಿಟ್ಟೇ ಹೇಳಿಬಿಟ್ಟಿದ್ದೆನೇನೋ, ಸ್ವಲ್ಪ ಹೊತ್ತಿಗೆ ಲಲ್ಲಾ ಮಬ್ರೂಕಾ ಒಂದು ದೊಡ್ಡ ಬಟ್ಟಲು ಮುಚ್ಚಿಕೊಂಡು ಇಳಿದು ಬಂದರು. ಹದಿನೆಂಟು ವರ್ಷದ ಹಿಂದೆ ನಿನ್ನಪ್ಪ ನಿಜವಾಗಿ ಹೋದಾಗ ಮೂರು ದಿನ ಊಟ ತಂದದ್ದೂ ಅವರೇ.

'ಇದು ಆಟ ಲಲ್ಲಾ' ಎಂದೆ, ನಾಚಿಕೆಯಾಗಿ.

'ಗೊತ್ತು ಬಿಡು. ಸಾವಾದ ಮನೇಲಿ ಒಲೆ ಹಚ್ಚಬಾರ್ದು. ಬಾ, ತಿನ್ನು' ಎಂದರು. ಇಬ್ಬರೂ ಒಂದೇ ಬಟ್ಟಲಿನಲ್ಲಿ ತಿಂದೆವು. ಎಷ್ಟೋ ವರ್ಷದ ಮೇಲೆ ನಿನ್ನಪ್ಪನ ವಿಷಯ ನಗುತ್ತ ಮಾತಾಡಿದೆವು. ಇದನ್ನೂ ನೀನೇ ಕೊಟ್ಟೆ, ಮಗಳೇ.

ಇನ್ನು ನಿನ್ನ ವಿಷಯ. ನಿನ್ನ ಹೆಸರಿನ ಹುಡುಗಿಯನ್ನು ನಾನು ಒಂದು ಕಾಳಗಕ್ಕೂ ಕಳಿಸಲಿಲ್ಲ. ಬಶೀರ್ ಸತ್ತದ್ದು ನೋಡಿದ ಮೇಲಂತೂ ಮನಸ್ಸೇ ಬರಲಿಲ್ಲ. ಪ್ರತಿ ಸಲ ಹೊರಡುವಾಗಲೂ ಅವಳನ್ನು ಡೇರೆ ಕಾಯಲು ಬಿಟ್ಟು ಬೇರೆಯವರನ್ನು ಕರೆದುಕೊಂಡು ಹೋಗುತ್ತಿದ್ದೆ. ಸಿ ಬಶೀರ್ ಎಚ್ಚರಿಸಿದ್ದರು. 'ಆ ಹುಡುಗೀನೂ ಕರ್ಕೊಂಡು ಹೋಗು ತಂಗೀ. ಕತ್ತಿ ಹಿಡೀದೆ ಹೆಂಗೆ ಕಲೀತಾಳೆ?' 'ಅವಳ ಗೊಡವೆ ನಿಮಗ್ಯಾಕೆ' ಎಂದು ಬಾಯಿ ಮುಚ್ಚಿಸಿದೆ. ಡೇರೆಯಲ್ಲಿ ಅವಳು ಕ್ಷೇಮವಾಗಿದ್ದಳು. ಹೊಟ್ಟೆಗಿತ್ತು, ನೆರಳಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಕೊನೆಯ ಹಂತದಲ್ಲಿ ಏನಿಟ್ಟಿದ್ದೀಯ ಎಂದು ನಿನಗೇ ಗೊತ್ತು. ಉಪ್ಪಿನ ಪೊರೆ ತೆಳುವಾಗಿರುತ್ತದೆ, ಎಲ್ಲರಿಗಿಂತ ಹಗುರಾದವಳು ಒಬ್ಬಳೇ ಅದರ ಮೇಲೆ ಹೋಗಿ ಆಚೆ ದಡದಲ್ಲಿ ಬೆಂಕಿ ಹಚ್ಚಬೇಕು, ಆಗ ಉಳಿದವರಿಗೆ ದಾರಿ ಕಾಣುತ್ತದೆ. ನಲವತ್ತು ಗಂಟೆಯ ಆಟದಲ್ಲಿ ಮೊದಲ ಸಲ ನಾನು ಅವಳನ್ನು ಕರೆದೆ. ಅವಳು ತಲೆಯೆತ್ತಿ, 'ನನ್ನನ್ನೂ ಕರೀತೀರ ಅಂತ ಅಂದ್ಕೊಂಡೇ ಇರ್ಲಿಲ್ಲ' ಎಂದಳು.

ಡೇರೆಯಲ್ಲಿ ಬಹಳ ದಿನ ಬಿಟ್ಟವರೆಲ್ಲ ಹೀಗೇ ಹೇಳುತ್ತಾರೆಂದು ಆಮೇಲೆ ಸಿ ಬಶೀರ್ ತಿಳಿದುಕೊಂಡು ಬಂದು ಹೇಳಿದರು. ಅದು ನನಗೆಂದೇ ಬರೆದ ಮಾತಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಬರೆದವಳು ನೀನು.

ಅವಳು ನಾಲ್ಕನೆಯ ಹೆಜ್ಜೆಗೆ ಸತ್ತಳು. ಕತ್ತಿ ಹಿಡಿಯಲು ಬರುತ್ತಿರಲಿಲ್ಲ, ನೆಲ ನೋಡಿ ನಡೆಯಲು ಬರುತ್ತಿರಲಿಲ್ಲ. ಈ ಕೊನೆಯ ಹಂತವನ್ನು ಮಾತ್ರ ಅದರ ಆರಂಭದಿಂದ ಮತ್ತೆ ಆಡಲು ನೀನು ಬಿಟ್ಟಿದ್ದೀಯ; ಅಲ್ಲಿಂದ ಮತ್ತೆ ಮೂರು ಸಲ ಕಳಿಸಿದೆ, ಮೂರು ಸಲವೂ ಅಲ್ಲೇ ಸತ್ತಳು. ಕಲಿಸಬೇಕಾದ ಕಾಲದಲ್ಲಿ ಕಲಿಸದೆ ಇಟ್ಟುಕೊಂಡವಳು ನಾನು, ಸತ್ತದ್ದು ಅವಳು.

ಮಾರನೆಯ ದಿನ ಆಟವನ್ನು ಮೊದಲಿನಿಂದ ಶುರುಮಾಡಿದೆ. ಈ ಸಲ ಮೊದಲ ಬಾವಿಗೇ ಅವಳನ್ನು ಕರೆದುಕೊಂಡು ಹೋದೆ. ಪೆಟ್ಟು ತಿಂದಳು, ಕೆನ್ನೆಯ ಮೇಲೆ ಒಂದು ಗಾಯದ ಗುರುತು ಉಳಿಯಿತು. ಅವಳ ಸರದಿ ಬಂದಾಗಲೆಲ್ಲ ನಾನು ಮೌಸಿನಿಂದ ಕೈ ತೆಗೆಯುತ್ತಿದ್ದೆ, ಲಲ್ಲಾ ಮಬ್ರೂಕಾ ಪಕ್ಕದಲ್ಲಿ ಬಟಾಣಿ ಸುಲಿಯುತ್ತ 'ಹೋಗ್ಲಿ ಬಿಡೇ, ಕಾಲಿದೆಯಲ್ಲ ಅವಳಿಗೆ' ಎನ್ನುತ್ತಿದ್ದರು. ಅದಕ್ಕೇ ಮತ್ತೆ ಮೂರು ವಾರ ಹಿಡಿಯಿತು. ಹೋದ ಶುಕ್ರವಾರ ಅವಳು ಕೆರೆ ದಾಟಿ ಬೆಂಕಿ ಹಚ್ಚಿದಳು, ನಾವು ಮೂವರೂ ಅತ್ತೆವು. ಸಿ ಬಶೀರ್ ಅತ್ತಿಲ್ಲ ಎಂದು ಈಗ ಹೇಳಿಕೊಂಡು ತಿರುಗುತ್ತಿದ್ದಾರೆ.

ಆಮೇಲೆ ಕೊನೆಯ ಪುಟದಲ್ಲಿ ಆಟ ಕಟ್ಟಿದವರ ಹೆಸರುಗಳು ಬಂದವು. ನಿನ್ನದು, ನಿನ್ನ ಇಬ್ಬರು ಗೆಳತಿಯರದು, ಸಂಗೀತದವನದು. ಎಲ್ಲಕ್ಕಿಂತ ಕೆಳಗೆ ಆ ಕೊನೆಯ ಸಾಲು. 'ನನ್ನ ಅಮ್ಮ ವಸೀಲಾಗೆ, ನನ್ನ ಎದುರಿನ ಯಾವ ಬಾಗಿಲನ್ನೂ ಮುಚ್ಚದವಳಿಗೆ.' ಲಲ್ಲಾ ಮಬ್ರೂಕಾ ನನ್ನನ್ನು ತಬ್ಬಿಕೊಂಡರು. ಸಿ ಬಶೀರ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಫಿ ಮಾಡುತ್ತೇನೆಂದು ಎದ್ದು ಹೋದವಳು ಒಲೆ ಹಚ್ಚದೆ ನಿಂತಿದ್ದೆ.

ಹೊಸ ಎಣ್ಣೆ ಬಂದಿದೆ, ಐದು ಲೀಟರ್ ನಿನಗೆ ಎತ್ತಿಟ್ಟಿದ್ದೇನೆ. ನಿನ್ನ ಕೋಣೆಯ ಕಿಟಕಿಗೆ ಬಣ್ಣ ಬಳಿಸಿದೆ. ಹನ್ನೆರಡು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದು, ಸಂಜೆ ಬಂದು ಅದೇ ಕಿಟಕಿಯ ಪಕ್ಕ ಕೂತು ಯಾರ ಸಹಾಯವೂ ಇಲ್ಲದೆ ಚಿತ್ರ ಬರೆಯಲು, ಆಟ ಕಟ್ಟಲು ಕಲಿತೆ ನೀನು. ನಿನ್ನಂಥ ಮಗಳನ್ನು ಕೊಟ್ಟದ್ದಕ್ಕೆ ದೇವರಿಗೆ ದಿನಾ ಐದು ಹೊತ್ತೂ ಋಣಿಯಾಗಿದ್ದೇನೆ. ನಿನ್ನ ಕೈಗೆ ಬರಕತ್ತು ಇರಲಿ, ಕಣ್ಣಿಗೆ ಆಯಾಸವಾಗದಿರಲಿ, ನಿನ್ನ ಆಟವನ್ನು ದೂರದೂರದ ಮನೆಗಳಲ್ಲಿ ನಮ್ಮಂಥವರು ಕೂತು ಆಡಲಿ.

ನಿನ್ನ ಅಮ್ಮ,
ವಸೀಲಾ

ಮರೆತು ಉಳಿದದ್ದು ಎನ್ನಲಾರೆ, ಮರೆತಿಲ್ಲ. ಬಿಡುಗಡೆಯಾದ ಮೇಲೂ ಆಟವನ್ನು ತಿದ್ದಿ ಮತ್ತೆ ಕಳಿಸಬಹುದು ಎಂದಿದ್ದೆಯಲ್ಲ. ಮುಂದಿನ ಸಲ ತಿದ್ದುವಾಗ ಆ ಕೊನೆಯ ಸಾಲನ್ನು ತೆಗೆದುಬಿಡು. ಏಳನೇ ತಾರೀಕು ಅದನ್ನು ಓದಬೇಡ.

ನಿನ್ನಪ್ಪ ಹೋದ ಮರುವರ್ಷ, ನಿನಗೆ ಹದಿನೆಂಟು, ಆ ಬೇಸಿಗೆಯಿಡೀ ನೀನು ಫ್ರಾನ್ಸಿನ ಚಿತ್ರಶಾಲೆಯ ಉತ್ತರಕ್ಕಾಗಿ ಕಾದೆ. ದಿನಾ ನಾನು ಮನೆಗೆ ಬರುತ್ತಲೇ ನೀನು 'ಬಂತಾ ಅಮ್ಮ?' ಎನ್ನುತ್ತಿದ್ದೆ, ನಾನು 'ಇಲ್ಲ' ಎನ್ನುತ್ತಿದ್ದೆ. ಜುಲೈ ಹತ್ತೊಂಬತ್ತರ ತನಕ ಅದು ನಿಜವಾಗಿತ್ತು. ಆ ದಿನ ನಮ್ಮ ಬೀದಿಯ ಕಾಗದಗಳ ಕಟ್ಟಿನಲ್ಲಿ ಆ ಉತ್ತರ ನನ್ನ ಕೈಗೇ ಸಿಕ್ಕಿತು, ಕೈಚೀಲಕ್ಕೆ ಹಾಕಿಕೊಂಡೆ. ಈ ಮನೆಯಲ್ಲಿ ಒಬ್ಬಳೇ ಇರಲು ನನ್ನಿಂದಾಗುತ್ತಿರಲಿಲ್ಲ. ಕಾರಣ ಅಷ್ಟೇ, ಬೇರೇನೂ ಇಲ್ಲ. ಸೆಪ್ಟೆಂಬರಿನಲ್ಲಿ ನೀನೇ ನನ್ನ ಕೈ ಹಿಡಿದು, 'ಪರವಾಗಿಲ್ಲ ಅಮ್ಮ, ನನ್ನ ಚಿತ್ರ ಅಷ್ಟು ಚೆನ್ನಾಗಿರ್ಲಿಲ್ಲ' ಎಂದೆ. ಆಗಲೂ ಬಾಯಿ ಬಿಡಲಿಲ್ಲ. ನಾನು ನಿವೃತ್ತಳಾದ ದಿನ ಕಚೇರಿಯವರು ಗಡಿಯಾರ ಕೊಟ್ಟು, ವಸೀಲಾಳ ಕೈಯಲ್ಲಿ ಒಂದು ಕಾಗದವೂ ದಾರಿ ತಪ್ಪಿಲ್ಲ ಎಂದರು. ನೀನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಆ ಚಿತ್ರಶಾಲೆಯ ಕಾಗದ ಈ ಲಕೋಟೆಯಲ್ಲೇ ಇದೆ, ಒಡೆದಿಲ್ಲ. ಬೇರೆಯವರ ಕಾಗದ ಒಡೆಯುವವಳಲ್ಲ ಎಂಬ ಜಂಬವೊಂದನ್ನು ಉಳಿಸಿಕೊಂಡಿದ್ದೆ. ಆದ್ದರಿಂದ ಅವರು ಹೂಂ ಎಂದರೋ ಇಲ್ಲ ಎಂದರೋ ನನಗೂ ಗೊತ್ತಿಲ್ಲ. ಹದಿನೇಳು ವರ್ಷ ತಡವಾಗಿ ಮೊದಲು ನೀನೇ ನೋಡುತ್ತೀಯ.

ಇದನ್ನು ನಾಳೆ ಬೆಳಿಗ್ಗೆ ನನ್ನ ಹಳೆಯ ಕಚೇರಿಯಲ್ಲಿಯೇ ರಿಜಿಸ್ಟರ್ ಮಾಡಿಸುತ್ತೇನೆ. ನೀನು ಸಹಿ ಹಾಕದೆ ಯಾರ ಕೈಗೂ ಕೊಡುವುದಿಲ್ಲ.