ಎರಡನೆಯ ಮಗಳು

ಕೊಯಮತ್ತೂರು, 2007

ತಂಗಿ ಚೌಡಿ,

ಇವತ್ತು ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಶಿಕ್ಷಣ ಸಂಶೋಧನೆಯಲ್ಲಿ ನವಉದಾರವಾದ ಎಂಬ ಪರಿಕಲ್ಪನೆ, ಅದೇ ನನ್ನ ವಿಷಯ. ಶಾಲೆಯನ್ನು ಅಂಗಡಿ ಮಾಡಿ, ಕೊಳ್ಳಲಾಗದವರಿಗೂ ‘ಆಯ್ಕೆ ನಿಮ್ಮದೇ’ ಎನ್ನುವ ವಿಚಾರ ಅದು.

ಪರೀಕ್ಷಕರು ಒಂದು ಉದಾಹರಣೆ ಕೇಳಿದರು. ಉಡುಮಲೈಯ ಒಬ್ಬ ನೇಕಾರ, ಅವನಿಗೆ ಇಬ್ಬರು ಹೆಣ್ಣುಮಕ್ಕಳು ಎಂದು ಶುರುಮಾಡಿದೆ. ಮಗ್ಗ ಮಾರಿ ಒಬ್ಬಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ ಎಂದೆ. “ಒಬ್ಬಳಿಗೆ ತಾನ್ ಫೀಸು ಕಟ್ಟೋಕಾಗೋದು ನನ್ನ ಕಣ್ಣು, ದೊಡ್ಡವಳು ಹೋಗ್ಲಿ” ಎಂದು ಅಪ್ಪ ನಿನ್ನ ತಲೆ ಸವರಿದ್ದನ್ನು ಹೇಳಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನೂಲಿನ ಮಿಲ್ಲಿನಿಂದ ನೀನು ಮನೆಗೆ ತಂದ ಕೆಮ್ಮು ಅದು. ನೀನು ತೀರಿಹೋಗುವ ದಿನದವರೆಗೂ ನನ್ನ ಪಕ್ಕದ ಚಾಪೆಯಲ್ಲೇ ಇತ್ತು. ತಿರುಗಿ ನೋಡಿದರೆ ಆ ಸಾಲಿನಲ್ಲಿ ಬರೀ ಖಾಲಿ ಕುರ್ಚಿಗಳು.

“ಆ ಎರಡನೆಯ ಮಗಳು ಏನಾದಳು?” ಎಂದು ಪರೀಕ್ಷಕರು ಕೇಳಿದರು.

“ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ, ಸರ್” ಎಂದೆ.

ಅವರು ಒಪ್ಪಿ ತಲೆಯಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಿತು ಚೌಡಿ, ಕೆಮ್ಮು ನಿಲ್ಲಲಿಲ್ಲ.

ನಿನ್ನ ಅಕ್ಕ