ಅವರ ವಿಮಾನ ಇಳಿಯುವ ಮುಂಚೆ

ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದೇನೆ, ಸಾರಿ, ಬೇಜಾರು ಮಾಡಿಕೊಳ್ಳಬೇಡಿ. ವಿಡಿಯೋ ಕಾಲ್‌ನಲ್ಲಿ ನಿಮ್ಮ ಮುದ್ದಿನ ಮಗ ಗುಂಡನ ಮೂಗೇ ಸ್ಕ್ರೀನ್ ತುಂಬ ಇರುತ್ತದೆ, ನನ್ನ ಮಾತಿಗೆ ಜಾಗ ಎಲ್ಲಿ? ಬರೆದು ಫೋಟೋ ತೆಗೆದು ಕಳಿಸುತ್ತೇನೆ. ನನ್ನ ಕನ್ನಡ ನೋಡಿ ನಗಬೇಡಿ. ನಿಮ್ಮ ಸೊಂಟನೋವು ಹೇಗಿದೆ? ಕ್ರೇನ್ ಮೇಲೆ ಅಷ್ಟು ಹೊತ್ತು ಕೂರುವವರು ನಡುನಡುವೆ ಎದ್ದು ನಿಲ್ಲಬೇಕಂತೆ, ನನ್ನ ರೂಮ್‌ಮೇಟ್ ಹೇಳಿದಳು. ಅವಳು ಫಿಸಿಯೋಥೆರಪಿ ಓದುತ್ತಾಳೆ, ಎಲ್ಲರ ಬೆನ್ನೂ ಅವಳಿಗೆ ಪಾಠವೇ.

ರಜೆಗೆ ನಾವು ಮೂವರೂ ನಿಮ್ಮಲ್ಲಿಗೆ ಬರುವ ವೀಸಾ ಕೆಲಸ ಒಂದು ಹದಕ್ಕೆ ಬಂತು. ನೀವು ಕಳಿಸಿದ ಇನ್ವಿಟೇಷನ್ ಲೆಟರ್ ಸರಿಯಾಗಿದೆ. ಗುಂಡನ ಅರ್ಜಿ ಅಮ್ಮನ ಅರ್ಜಿಯ ಜೊತೆಗೇ ಹೋಗುತ್ತದೆ, ಮೈನರ್ ಅಲ್ಲವೇ, ಮಹಾರಾಜ ಫೋಟೋಗೆ ಮುಖ ಕೊಟ್ಟರೆ ಸಾಕು. ನನಗೆ ಹದಿನೆಂಟು ತುಂಬಿದ್ದಕ್ಕೆ ಬೇರೆ ಅರ್ಜಿ, ಬೇರೆ ಸಾಲು, ಕಾಲೇಜಿನಿಂದ ಬೋನಫೈಡ್ ಸರ್ಟಿಫಿಕೇಟ್. ಅದರ ಮೇಲೆ, ರಜೆ ಮುಗಿದ ಮೇಲೆ ವಾಪಸ್ ಹೋಗುತ್ತೇನೆ ಎನ್ನುವುದಕ್ಕೆ ಪ್ರೂಫ್ ಬೇಕಂತೆ. ಹಾಸ್ಟೆಲ್ ಸೇರಿದ ಐದನೇ ಕ್ಲಾಸಿನಿಂದ ಮನೆಗೆ ಬಂದಾಗಲೆಲ್ಲ ನಾನು ಮಾಡಿದ್ದು ವಾಪಸ್ ಹೋಗುವ ಕೆಲಸವೇ ಅಲ್ಲವೇ ಅಪ್ಪಾ. ಅದಕ್ಕೂ ಸಾಕ್ಷಿ ಬೇಕೇ?

ಫ್ಲೈಟ್ ಹುಡುಕುವುದನ್ನು ಅಮ್ಮ ನನ್ನ ತಲೆಗೇ ಕಟ್ಟಿದರು, ಇಂಗ್ಲಿಷ್ ಬರುತ್ತದೆ ಎಂದು. ಗುಂಡನಿಗೆ ಕಿಟಕಿ ಪಕ್ಕದ ಸೀಟು ಬೇಕು, ಹೊಟ್ಟೆ ತೊಳಸಿದರೆ ಟಾಯ್ಲೆಟ್ ಹತ್ತಿರ ಇರಬೇಕು, ನಡುವೆ ಎಲ್ಲೂ ರಾತ್ರಿ ಕಾಯುವ ಹಾಗಿರಬಾರದು. ಎಲ್ಲ ಸರಿಹೊಂದುವ ಒಂದು ಸಿಕ್ಕಿತು, ಮಧ್ಯಾಹ್ನಕ್ಕೆ ಇಳಿಯುತ್ತದೆ. ಆದರೆ ಅದರಲ್ಲಿ ಅಕ್ಕಪಕ್ಕ ಎರಡೇ ಸೀಟು, ಮೂರನೆಯದು ತೀರಾ ಹಿಂದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ನಿನಗೇನಮ್ಮ, ಒಬ್ಬಳೇ ಇದ್ದು ರೂಢಿ" ಎಂದುಬಿಟ್ಟರು. ಹಾಗಾದರೆ ನಾನು ಇಲ್ಲಿಂದಲೇ ಬೇರೆ ಫ್ಲೈಟ್ ಹಿಡಿಯುತ್ತೇನೆ ಎಂದೆ. ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. "ಅದೇ ಒಳ್ಳೇದು ಬಿಡು" ಎಂದರು. ಹಿಂದಿನಿಂದ ಗುಂಡ ಕೂಗುತ್ತಿದ್ದ, "ಅಪ್ಪನ ಕ್ರೇನ್ ಫಸ್ಟ್ ಹತ್ತೋದು ನಾನು, ನೀನು ಕೆಳಗಿಂದ ಫೋಟೋ ತೆಗಿ." ಹತ್ತು ವರ್ಷದ ಹುಡುಗನ ಮೇಲೆ ಹೊಟ್ಟೆ ಉರಿಸಿಕೊಳ್ಳಬಾರದು, ಗೊತ್ತು. ಉರಿಯುತ್ತದೆ, ಏನು ಮಾಡಲಿ.

ಹೋದ ಸಲ ನೀವು ರಜೆಗೆ ಬಂದಾಗ ಹಾಸ್ಟೆಲ್ಲಿಗೆ ಬಂದಿರಲ್ಲ, ವಿಸಿಟರ್ಸ್ ರೂಮಿನ ಆ ಅಲುಗಾಡುವ ಬೆಂಚಿನ ಮೇಲೆ ಕೂತಿದ್ದೆವು. ಗುಂಡ ನಿಮ್ಮ ಕುತ್ತಿಗೆಗೆ ಜೋತುಬಿದ್ದು ಶಾಲೆಯ ಕಥೆಯೆಲ್ಲ ಹೇಳಿದ. ನೀವು ಅವನ ತಲೆಯ ಆಚೆಯಿಂದ ಇಣುಕಿ "ಊಟ ಸರಿಯಾಗಿ ಮಾಡ್ತೀಯಾ?" ಎಂದು ಕೇಳಿದಿರಿ. ನಾನು "ಹೂಂ" ಎಂದೆ. ವಾರ್ಡನ್ ಬೆಲ್ ಹೊಡೆದರು. ಆ ವರ್ಷ ನಾವಿಬ್ಬರೇ ಆಡಿದ ಮಾತು ಅಷ್ಟೇ.

ಇರಲಿ. ಓದು ನಡೆಯುತ್ತಿದೆ. ಕೆಮಿಸ್ಟ್ರಿ ಭಯ ಇನ್ನೂ ಹೋಗಿಲ್ಲ. ನಿಮ್ಮ ಜೊತೆಯ ಅಡುಗೆ ಅಂಕಲ್‌ಗೆ ನನ್ನ ನಮಸ್ಕಾರ ತಿಳಿಸಿ. ಮೈಕೈ ಜೋಪಾನ.

ನಿಮ್ಮ
ದೊಡ್ಡ ಮಗಳು

ಮರೆತ ಮಾತು: ನಿಜವಾಗಿ ಬರೆಯಲು ಕೂತಿದ್ದು ಇದಕ್ಕೇ. ಇಲ್ಲಿಂದ ಎರಡು ಫ್ಲೈಟ್ ಇವೆ. ಅಮ್ಮ ಹೇಳಿದ್ದು ಅವರಿಬ್ಬರೂ ಇಳಿದ ಮೇಲೆ ಬರುವುದು, ನಿಮಗೆ ಒಂದೇ ಓಡಾಟ ಆಗಲಿ ಎಂದು. ಇನ್ನೊಂದು ಅದೇ ದಿನ ಬೆಳಗಿನ ಜಾವಕ್ಕೇ ಇಳಿಯುತ್ತದೆ. ನಡುವೆ ಬೇರೆ ಏರ್‌ಪೋರ್ಟಿನಲ್ಲಿ ಒಂದು ರಾತ್ರಿ ಕುರ್ಚಿಯ ಮೇಲೆ ಮಲಗಬೇಕು, ಅದು ನನಗೆ ರೂಢಿ. ಅದನ್ನೇ ದುಡ್ಡು ಕಟ್ಟದೆ ಹೋಲ್ಡ್ ಮಾಡಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ದಿನ ನಿಮಗೆ ನೈಟ್ ಶಿಫ್ಟ್ ಇಲ್ಲದಿದ್ದರೆ ಏರ್‌ಪೋರ್ಟಿಗೆ ಬೇಗ ಬರುತ್ತೀರಾ? ಎಲ್ಲಿಗೂ ಕರೆದುಕೊಂಡು ಹೋಗುವುದು ಬೇಡ. ಅವರ ವಿಮಾನ ಇಳಿಯುವವರೆಗೆ ಅಲ್ಲೇ ಟೀ ಕುಡಿಯುತ್ತಾ ಕೂತಿರೋಣ, ನಾವಿಬ್ಬರೇ. ಕ್ರೇನ್ ಬೇಕಾದರೆ ಅವನೇ ಮೊದಲು ಹತ್ತಲಿ. ಆಗದಿದ್ದರೆ ಆಗುವುದಿಲ್ಲ ಎಂದು ಹೇಳಿ, ಅಮ್ಮ ಹೇಳಿದ್ದನ್ನೇ ಬುಕ್ ಮಾಡುತ್ತೇನೆ. ನಾಳೆ ಸಂಜೆಗೆ ಹೋಲ್ಡ್ ಮುಗಿಯುತ್ತದೆ, ಬೇಗ ಉತ್ತರ ಕೊಡಿ.